ದಾವಣಗೆರೆಯಂಥ ಊರಲ್ಲಿ ಐದನೇ ತಿಂಗಳ ಸ್ಕ್ಯಾನ್ ನಂಬಬಹುದಾ, ಇಲ್ಲ ಮಣಿಪಾಲ್‌ಗೇ ಹೋಗ್ಬೇಕಾ?

ನಾನು ದಾವಣಗೆರೆಯಲ್ಲೇ ರೇಡಿಯಾಲಜಿಸ್ಟ್, ಸ್ಕ್ಯಾನ್ ಮಾಡೋ ಪ್ರೋಬ್ ಹಿಡಿದು ಹನ್ನೆರಡು ವರ್ಷ ಆಯ್ತು. ಇಲ್ಲೇ ಮಾಡ್ಸಿ, ಸಾಕು. ಆದ್ರೆ ಮೆಷಿನ್ ಯಾವ್ದು ಅಂತ ಕೇಳೋ ಮೊದ್ಲು ಒಬ್ಬರಿಗೆ ಎಷ್ಟು ಟೈಮ್ ಕೊಡ್ತಾರೆ ಅಂತ ಕೇಳಿ.

ಮೆಷಿನ್ ವಿಷ್ಯದಲ್ಲಿ ನಮ್ಮೂರು ಈಗ ಹಿಂದಿಲ್ಲ. ಎರಡು ಮೆಡಿಕಲ್ ಕಾಲೇಜಿವೆ, ರಕ್ತದ ಹರಿವು ತೋರಿಸೋ ಕಲರ್ ಡಾಪ್ಲರ್ ಇಲ್ದಿರೋ ಸೆಂಟರ್ ಹುಡುಕ್ಬೇಕು. ಕಮ್ಮಿ ಇರೋದು ಡಾಕ್ಟ್ರು. ಜಗಳೂರು, ಹರಪನಹಳ್ಳಿ, ಹೊನ್ನಾಳಿ ಕಡೆಯೋರೆಲ್ಲ ಬೆಳಿಗ್ಗೆ ಬಸ್ಸಿಗೇ ಬಂದು ಕೂತಿರ್ತಾರೆ. ಈ ಐದನೇ ತಿಂಗಳ ಸ್ಕ್ಯಾನ್, ಅಂದ್ರೆ ಮಗುವಿನ ಅಂಗಾಂಗದಲ್ಲಿ ತೊಂದ್ರೆ ಇದೆಯಾ ಅಂತ ನೋಡೋ ಅನಾಮಲಿ ಸ್ಕ್ಯಾನ್‌ಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಹಾರ್ಟಿನ ನಾಲ್ಕು ಕೋಣೆ, ಬೆನ್ನುಹುರಿ, ತುಟಿ, ಕಿಡ್ನಿ ಎಲ್ಲಾ ನೋಡ್ಬೇಕು, ಮಗು ಬೆನ್ನು ಮೇಲೆ ಮಾಡ್ಕೊಂಡು ಮಲಗಿಬಿಟ್ರೆ ಹಾರ್ಟ್ ಸರಿಯಾಗಿ ಕಾಣೋದೇ ಇಲ್ಲ, ಆಗ ತಾಯಿನ ಸ್ವಲ್ಪ ಓಡಾಡ್ಕೊಂಡು ಬಾರಮ್ಮ ಅಂತ ಹೊರಗೆ ಕಳಿಸಿ ಮತ್ತೆ ಕರೀಬೇಕು. ಹೊರಗೆ ನಲವತ್ತು ಜನ ಇದ್ರೆ ಯಾರು ಕಳಿಸ್ತಾರೆ? ನಾನೂ ಕೆಲವು ಸೋಮವಾರ ಕಳಿಸಿಲ್ಲ, 'ಮಗುವಿನ ಪೊಸಿಷನ್‌ನಿಂದ ಹಾರ್ಟ್ ಪೂರ್ತಿ ನೋಡಲಾಗಲಿಲ್ಲ' ಅಂತ ರಿಪೋರ್ಟಲ್ಲಿ ಬರೆದು ಮುಂದಿನವರನ್ನ ಕರೆದಿದೀನಿ. ಆ ಸಾಲು ಯಾರೂ ಓದಲ್ಲ. ನೀವು ಓದಿ, ಇದ್ರೆ ವಾರ ಬಿಟ್ಟು ಮತ್ತೆ ಹೋಗಿ.

ಲ್ಯಾಪ್‌ಟಾಪ್‌ನಷ್ಟು ಮೆಷಿನ್ ಬಂದಿದೆಯಲ್ಲ, ಜಗಳೂರಿಗೇ ತಗೊಂಡ್ ಬನ್ನಿ ಅಂತ ಕೆಲವರು ಕೇಳ್ತಾರೆ. ಭ್ರೂಣಲಿಂಗ ಪತ್ತೆ ತಡೆಯೋ 1994ರ ಕಾಯ್ದೆಯ ರೂಲ್ಸ್ ಪ್ರಕಾರ, ಮೊಬೈಲ್ ಯೂನಿಟ್ ಅಂತ ಬೇರೆ ರಿಜಿಸ್ಟ್ರೇಷನ್ ಇಲ್ದೆ ಅದನ್ನ ಊರೂರಿಗೆ ಹೊತ್ಕೊಂಡು ತಿರುಗೋ ಹಾಗಿಲ್ಲ. ಒಬ್ಬ ಡಾಕ್ಟರ್ ಒಂದು ಜಿಲ್ಲೇಲಿ ಎರಡೇ ಸೆಂಟರಲ್ಲಿ ಸ್ಕ್ಯಾನ್ ಮಾಡ್ಬಹುದು ಅಂತ 2012ರಲ್ಲಿ ಇನ್ನೊಂದು ರೂಲ್ ಬಂತು. ಪ್ರತಿ ಗರ್ಭಿಣಿಗೂ ಸ್ಕ್ಯಾನಿನ ವಿವರ ಬರೆಯೋ ಫಾರ್ಮ್ ಎಫ್ ಅದೇ ಕಾಯ್ದೆ ಪ್ರಕಾರ ತುಂಬ್ಬೇಕು, ಕಾಲಂ ಖಾಲಿ ಬಿಟ್ರೆ ಕೇಸಾಗೋ ಭಯ. ಬೈಕೊಂಡೇ ತುಂಬ್ತೀವಿ. ಆದ್ರೆ ಬಾಗಿಲಲ್ಲಿ ನಿಂತು 'ಪೇಡಾನಾ ಜಿಲೇಬಿನಾ ಸಾರ್' ಅಂತ, ಅಂದ್ರೆ ಗಂಡಾ ಹೆಣ್ಣಾ ಅಂತ, ನಕ್ಕೋತ ಕೇಳೋ ಅತ್ತೆಯಂದ್ರು ಇನ್ನೂ ಬರ್ತಾರೆ, ಅವರನ್ನ ನೋಡಿದಾಗ ಬೈಯೋಕೂ ಬಾಯಿ ಬರಲ್ಲ.

ಇನ್ನೊಂದು, 18ರಿಂದ 20 ವಾರದೊಳಗೆ ಮಾಡ್ಸಿ. ಒಮ್ಮೆ ಒಬ್ಬ ಹುಡುಗಿ 26ನೇ ವಾರಕ್ಕೆ ಬಂದ್ಲು, ಅದೇ ಮೊದಲ ಸ್ಕ್ಯಾನ್, ಮಗೂಗೆ ತಲೆಬುರುಡೆನೇ ಬೆಳೆದಿರ್ಲಿಲ್ಲ. 12-13ನೇ ವಾರಕ್ಕೇ ಕಾಣೋ ತೊಂದ್ರೆ ಅದು. ಗರ್ಭಪಾತದ ಕಾಯ್ದೆಗೆ 2021ರ ತಿದ್ದುಪಡಿ ಬಂದ್ಮೇಲೂ, 24 ವಾರ ದಾಟಿದ್ರೆ ಗರ್ಭ ತೆಗೆಸೋಕೆ ಮೆಡಿಕಲ್ ಬೋರ್ಡ್ ಮುಂದೆ ಹೋಗ್ಬೇಕು. ಅವಳ ಗಂಡ ಸ್ಕ್ರೀನ್ ನೋಡ್ತಾ 'ಮೆಷಿನ್ ಏನಾದ್ರೂ ಹಳೇದಾ ಸಾರ್' ಅಂದ.

ಹಾರ್ಟಲ್ಲಿ ಡೌಟ್ ಅಂತ ಫೀಟಲ್ ಇಕೋ, ಅಂದ್ರೆ ಹೊಟ್ಟೇಲಿರೋ ಮಗುವಿನ ಹಾರ್ಟಿಗೇ ಅಂತ ಮಾಡೋ ಸ್ಕ್ಯಾನ್, ಬರೆದುಕೊಟ್ರೆ ಹಳೇ ರಿಪೋರ್ಟ್ ಎಲ್ಲಾ ಇಟ್ಕೊಂಡು ಮಣಿಪಾಲ್ ಬಸ್ ಹತ್ತಿ. ಹಾಂ, ಲೀಟರ್‌ಗಟ್ಟಲೆ ನೀರು ಕುಡಿದು ತಡ್ಕೊಂಡು ಕೂತ್ಕೋಬೇಡಿ, ಐದನೇ ತಿಂಗಳಿಗೆ ಅದೇನೂ ಬೇಕಾಗಲ್ಲ.