ಚಾಪೆ ಹಾಸಿದ್ದಾಯ್ತು, ಮನೆಗೆ ಹೋಗೋದು ಎಷ್ಟೊತ್ತಿಗೆ?

ಪತ್ರ: ನಮ್ಮ ಐಟಿ ಕಂಪನಿಯಲ್ಲಿ ಪ್ರತಿ ಬುಧವಾರ ಸಂಜೆ ಯೋಗ ಇದೆ. ಧ್ಯಾನಕ್ಕೊಂದು ಆ್ಯಪ್, ಹೆಜ್ಜೆ ಎಣಿಸುವ ಸ್ಪರ್ಧೆಯೂ ಇದೆ. ಯೋಗ ಮುಗಿಸಿ ಮತ್ತೆ ಸೀಟಿಗೆ ಬಂದು ಒಂಬತ್ತೂವರೆವರೆಗೆ ಹುರುಪಿನಿಂದ ಕೆಲಸ ಮಾಡುತ್ತೇವೆ. ಸಮಗ್ರ ಆರೋಗ್ಯ ಅಂದರೆ ಇದೇ ಅಲ್ವಾ? ನೀವ್ಯಾಕೆ ಇದರ ಬಗ್ಗೆ ಬರೆಯುವುದಿಲ್ಲ?
– ಒಬ್ಬ ಓದುಗಿ, ಬೆಂಗಳೂರು

ಉತ್ತರ: ಯೋಗ ಬೇಡ ಅನ್ನಲು ನಾನ್ಯಾರು ತಾಯಿ? ಸೊಂಟ ನೋವಿಗೆ ನಾನೂ ಬೆಳಿಗ್ಗೆ ನಾಲ್ಕು ಆಸನ ಹಾಕುತ್ತೇನೆ. ಆದರೆ ಆ ಒಂಬತ್ತೂವರೆಯನ್ನು ಎಷ್ಟು ಸಲೀಸಾಗಿ ಬರೆದುಬಿಟ್ಟಿರಿ!

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸುಮಾರು 5,000 ನೌಕರರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು. ಕೆಲವರಿಗೆ ನಿಮ್ಮಲ್ಲಿರುವಂಥ ಆರೋಗ್ಯ ಕಾರ್ಯಕ್ರಮ, ಉಳಿದವರಿಗೆ ಇಲ್ಲ. ಕೊನೆಗೆ ನೋಡಿದರೆ ಆರೋಗ್ಯದಲ್ಲಾಗಲಿ ಆಸ್ಪತ್ರೆ ಖರ್ಚಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಕರೆದಾಗ ಬಂದು ಸೇರಿದವರು ಮೊದಲೇ ಗಟ್ಟಿಮುಟ್ಟಾಗಿದ್ದವರು! ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಇನ್ನೂ ಖಾರ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದರೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಜಾಸ್ತಿ. ಇದಕ್ಕೆ ಯಾವ ಆಸನ ಹಾಕೋಣ?

ಹಿಂದೆ ನಾನೊಂದು ಪತ್ರಿಕೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಒಮ್ಮೆ ಆಡಳಿತದವರು ಡಾಕ್ಟರನ್ನು ಕರೆಸಿ 'ನಿದ್ದೆಯ ಮಹತ್ವ' ಅಂತ ಉಪನ್ಯಾಸ ಇಟ್ಟರು. ಬೆಳಿಗ್ಗೆ ಒಂಬತ್ತಕ್ಕೆ. ನಾವು ಮನೆಗೆ ಹೋಗಿ ಮಲಗಿದ್ದೇ ನಾಲ್ಕಕ್ಕೆ. ಹಾಜರಿ ಕಡ್ಡಾಯ. ಮುಂದಿನ ಸಾಲಲ್ಲೇ ಕೂತು ಗೊರಕೆ ಹೊಡೆದೆ. ಡಾಕ್ಟರ್ ಒಬ್ಬರೇ ನಕ್ಕಿದ್ದು.

ಇನ್ನು ಚಾಪೆಯನ್ನೇ ಕಾಣದವರ ವಿಷಯ. ನಿಂತು ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅಂಗಡಿ ಕೆಲಸಗಾರರಿಗೆ ಆ ಭಾಗ್ಯ ಇರಲಿಲ್ಲ. ಕೇರಳದಲ್ಲಿ ಸೀರೆ ಅಂಗಡಿಗಳ ಹೆಣ್ಣುಮಕ್ಕಳು ಬೀದಿಗಿಳಿದು ಹೋರಾಡಿದ ಮೇಲೆ, 2018ರಲ್ಲಿ ಕೂರುವ ಹಕ್ಕು ಕಾನೂನಾಯಿತು. 2021ರಲ್ಲಿ ತಮಿಳುನಾಡೂ ಅದನ್ನೇ ಮಾಡಿತು. ಒಂದು ಸ್ಟೂಲಿಗಾಗಿ ಇಷ್ಟೆಲ್ಲ! ಮುಂದಿನ ಸಲ ಸೀರೆ ಕೊಳ್ಳಲು ಹೋದಾಗ ನೋಡಿ, ಎದುರಿಗಿರುವ ಹುಡುಗಿ ಕಾಲು ಬದಲಾಯಿಸುತ್ತಾ ನಿಂತಿರುತ್ತಾಳೆ. ಸಮಗ್ರ ಆರೋಗ್ಯ ಅಂತ ಅವಳಿಗೆ ಯಾರೂ ಇಮೇಲ್ ಕಳಿಸುವುದಿಲ್ಲ.

ಬೈದೆ ಅಂದುಕೊಳ್ಳಬೇಡಿ. ನಿಮ್ಮ ಉತ್ಸಾಹ ನನಗಿಷ್ಟ, ಅದಕ್ಕೇ ಇಷ್ಟುದ್ದ ಬರೆದೆ. ಬರುವ ಬುಧವಾರ ಒಂದು ಕೆಲಸ ಮಾಡಿ. ಯೋಗ ಮುಗಿಯುತ್ತಲೇ ಸೀಟಿಗೆ ಹೋಗದೆ, ಬ್ಯಾಗು ಹೆಗಲಿಗೇರಿಸಿ ಸುಮ್ನೆ ಮನೆಗೆ ಹೊರಡಿ. ಮ್ಯಾನೇಜರ್ ಏನಂದರು ಅಂತ ಬರೆಯಿರಿ, ಅದನ್ನು ಖಂಡಿತ ಅಚ್ಚು ಹಾಕುತ್ತೇನೆ.
– ಸಂ.