ಎಲ್ಲ ಮಿಷನ್ನಿನವರೂ ಒಂದೇನಾ?

ಅಥಣಿಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ತಂದೆಯ ಆಪರೇಶನ್ ಆಗಿದ್ದು ಮಿರಜ್ ಮಿಷನ್ ದವಾಖಾನೆಯಲ್ಲಿ. ಬೆಳಗಾವಿಯಲ್ಲೂ ಮಿಷನ್ ಶಾಲೆ, ಗುಳೇದಗುಡ್ಡದಲ್ಲೂ ಮಿಷನ್. ಇವರೆಲ್ಲ ಒಂದೇನಾ? ಮತಾಂತರಕ್ಕಲ್ಲದೆ ಮತ್ಯಾತಕ್ಕೆ ಇಷ್ಟೆಲ್ಲ ಮಾಡಿದರು?"

ಒಂದೇ ಅಲ್ಲ. ಬೆಳಗಾವಿಗೆ 1820ರಲ್ಲಿ ಬಂದವರು ಲಂಡನ್ ಮಿಷನ್ನಿನವರು. ಅವರ ಇಬ್ಬರು ಪಾದ್ರಿಗಳ ಹೆಸರೇ ಇವತ್ತಿಗೂ ಬೆಯ್ನನ್ ಸ್ಮಿತ್ ಶಾಲೆಯ ಮೇಲಿದೆ. 1904ರಲ್ಲಿ ಅವರು ಇಲ್ಲಿನ ಕೆಲಸವನ್ನೆಲ್ಲ ಅಮೆರಿಕದ ಮೆಥೊಡಿಸ್ಟರಿಗೆ, ಅಂದರೆ ಇನ್ನೊಂದು ಪ್ರಾಟೆಸ್ಟೆಂಟ್ ಪಂಗಡದವರಿಗೆ ಒಪ್ಪಿಸಿ ಹೋದರು. ಅದೇ ಊರಿನ ಸೇಂಟ್ ಪಾಲ್ಸ್ ಶಾಲೆ ಕ್ಯಾಥೊಲಿಕರದು, 1856ರಿಂದ ಇದೆ. ಗುಳೇದಗುಡ್ಡಕ್ಕೆ 1851ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್, ಸ್ವಿಸ್ ಜನ. 1947ರಲ್ಲಿ ಹಲವು ಪ್ರಾಟೆಸ್ಟೆಂಟ್ ಪಂಗಡಗಳು ಕೂಡಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಯಿತು; ಈ ಭಾಗದ ಬಾಸೆಲ್ ಸಭೆಗಳು, ಅಂದರೆ ಚರ್ಚುಗಳು, ಮುಂದೆ ಅದರಲ್ಲಿ ಸೇರಿದವು. ಬೆಳಗಾವಿಯ ಮೆಥೊಡಿಸ್ಟರು ಸೇರಲಿಲ್ಲ, ಕ್ಯಾಥೊಲಿಕರ ಮಾತಂತೂ ಬೇರೆಯೇ. ಇನ್ನು ನಿಮ್ಮ ಮಿರಜ್ ದವಾಖಾನೆ ಕಟ್ಟಿದ್ದು ಪ್ರೆಸ್ಬಿಟೇರಿಯನ್ ಅನ್ನೋ ಮತ್ತೊಂದು ಪ್ರಾಟೆಸ್ಟೆಂಟ್ ಪಂಗಡದ ಡಾಕ್ಟರ್ ವಿಲಿಯಂ ವಾನ್ಲೆಸ್, 1890ರ ದಶಕದಲ್ಲಿ. ಚಿಕ್ಕೋಡಿ, ಜಮಖಂಡಿ, ವಿಜಯಪುರದ ಕಡೆಯ ಎಷ್ಟೋ ಮನೆಗಳಲ್ಲಿ ದೊಡ್ಡ ಕಾಯಿಲೆ ಅಂದರೆ "ಮಿರಜ್‌ಗೆ ಒಯ್ಯಿರಿ" ಅನ್ನೋ ಮಾತು ಬಂದಿದ್ದು ಆಗಲೇ.

ಎರಡನೇ ಪ್ರಶ್ನೆಗೆ ಬರುತ್ತೇನೆ. ಸುವಾರ್ತೆ ಸಾರೋದಕ್ಕೆ ಬಂದಿದ್ದೇವೆ ಅಂತ ಪಾದ್ರಿಗಳೇ ಹೇಳುತ್ತಿದ್ದರು, ಅದರಲ್ಲಿ ಮುಚ್ಚುಮರೆ ಇರಲಿಲ್ಲ. 1876-78ರ ಬರದಲ್ಲಿ ಅನಾಥರಾದ ಮಕ್ಕಳನ್ನು ಮಿಷನ್ನುಗಳು ಸಾಕಿದವು, ಕ್ರೈಸ್ತರಾಗಿಯೇ ಬೆಳೆಸಿದವು. ಇದರ ಬಗ್ಗೆ ನನಗೆ ತಕರಾರಿದೆ. ಹಸಿದ ಮಗುವಿಗೆ ಆಯ್ಕೆ ಎಲ್ಲಿರುತ್ತೆ?

ಆದರೆ ಕುಷ್ಠರೋಗಿಗಳ ವಿಷಯ ನೋಡಿ. ನಮ್ಮ ಹಳ್ಳಿಗಳಲ್ಲಿ ಅವರನ್ನು ಊರಾಚೆ ಇಟ್ಟವರು ನಾವೇ, ಅಲ್ವಾ? 1874ರಲ್ಲಿ ಐರಿಶ್ ದಂಪತಿ ಬೇಯ್ಲಿ ಶುರು ಮಾಡಿದ ಕುಷ್ಠರೋಗ ಮಿಷನ್ ಯಾವ ಒಂದು ಪಂಗಡದ್ದೂ ಅಲ್ಲ, ಬೇರೆ ಬೇರೆ ಸಭೆಯವರು ಅದರಲ್ಲಿ ಕೂಡಿ ಕೆಲಸ ಮಾಡಿದರು. ಮಿರಜ್‌ನ ರಿಚರ್ಡ್‌ಸನ್ ಕುಷ್ಠರೋಗ ಆಸ್ಪತ್ರೆಗೂ ಈ ಮಿಷನ್ನಿನ ನಂಟಿತ್ತು. ಇಂಥ ಆಸ್ಪತ್ರೆಗಳಲ್ಲಿ ಔಷಧಿಗಿಂತ ಜಾಸ್ತಿ ದಿನ ನಡೆಯೋದು ಪಾದದ ಆರೈಕೆ. ನರ ಸತ್ತ ಪಾದಕ್ಕೆ ಮೊಳೆ ಚುಚ್ಚಿದರೂ ಗೊತ್ತಾಗೋದಿಲ್ಲ, ಗಾಯ ಒಳಗೊಳಗೇ ಎಲುಬಿನವರೆಗೆ ಕೊರೆಯುತ್ತೆ. ಅದಕ್ಕೇ ದಿನಾ ಕಾಲನ್ನು ನೀರಲ್ಲಿ ನೆನೆಸಿ, ಗಟ್ಟಿಯಾದ ಚರ್ಮ ಉಜ್ಜಿ ತೆಗೆದು, ಎಣ್ಣೆ ಹಚ್ಚಿ, ಮೆತ್ತನೆ ರಬ್ಬರಿನ ಚಪ್ಪಲಿ ಹಾಕಿಸಬೇಕು. ಔಷಧಿ ಮುಗಿದರೂ ಇದು ಮುಗಿಯೋದಿಲ್ಲ, ಸಾಯೋವರೆಗೂ ಇದ್ದದ್ದೇ. ಮತಾಂತರವೊಂದೇ ಗುರಿಯಾಗಿದ್ದರೆ ಇಂಥ ಕೆಲಸಕ್ಕೆ ಯಾರೂ ಇಷ್ಟು ವರ್ಷ ಕೂರೋದಿಲ್ಲ ಅಂತ ನನ್ನ ನಂಬಿಕೆ.

ನಿಮ್ಮ ತಂದೆಯವರನ್ನೇ ಕೇಳಿ ನೋಡಿ, ಆಪರೇಶನ್ನಿಗೆ ಮುಂಚೆ ಅವರ ಜಾತಿ, ಧರ್ಮ ಯಾರಾದರೂ ಕೇಳಿದರಾ ಅಂತ. ಅವರು ಏನು ಹೇಳಿದರೂ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಗೇ ಹಾಕುತ್ತೇವೆ.