ಕೋಬೆಯ ಕಪ್ಪು ಟೋಪಿಯವರು ಹುಡುಕುವುದು ಯಾರನ್ನು?

ಹುಬ್ಬಳ್ಳಿಯ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅವರ ಮಗ ಜಪಾನಿನ ಕೋಬೆಯಲ್ಲಿ ಕೆಲಸದಲ್ಲಿದ್ದಾರೆ. ಮಗನನ್ನು ನೋಡಲು ಹೋದಾಗ ಕಿಟಾನೋ ಎಂಬ ಬಡಾವಣೆಯಲ್ಲಿ ಒಂದು ಸಂಜೆ ಅಡ್ಡಾಡಿದರಂತೆ. ಪತ್ರದ ಮುಖ್ಯ ಭಾಗ ಹೀಗಿದೆ: ‘ಕಪ್ಪು ಟೋಪಿ, ಉದ್ದ ಗಡ್ಡದ ಒಬ್ಬ ಯುವಕ ನನ್ನ ಮಗನ ಅಮೆರಿಕನ್ ಗೆಳೆಯನನ್ನು ನಿಲ್ಲಿಸಿ, ನೀವು ಯಹೂದಿಯಾ ಎಂದು ಕೇಳಿದ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಇವರು ಚಾಬಾದ್‌ನವರು ಅಂತ ಆಮೇಲೆ ಗೊತ್ತಾಯಿತು. ಆ ಹೆಸರನ್ನು ನಾನು ಕೇಳಿದ್ದು 2008ರ ಮುಂಬೈ ದಾಳಿಯಲ್ಲಿ ಮಾತ್ರ. ಇವರು ಮತಾಂತರಕ್ಕೆ ಬಂದವರಾ? ಯಹೂದಿಗಳೇ ಇಲ್ಲದ ಊರಿನಲ್ಲಿ ಇವರಿಗೇನು ಕೆಲಸ?’ ಜೊತೆಗೆ, ಬೈಬಲ್ ಕಾಲದಲ್ಲಿ ಚದುರಿ ಕಾಣೆಯಾದ ಯಹೂದಿಗಳ ‘ಕಳೆದುಹೋದ ಕುಲ’ವೇ ಜಪಾನೀಯರು ಎಂದು ಯೂಟ್ಯೂಬಿನಲ್ಲಿ ನೋಡಿದ್ದು ನಿಜವಾ, ಮುಂದಿನ ಸಲ ಹೋದರೆ ಅವರ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಒಳಗೆ ಹೋಗಬಹುದಾ ಎಂದೂ ಕೇಳಿದ್ದಾರೆ.

ಕಳೆದುಹೋದ ಕುಲದ ಮಾತನ್ನು ಮೊದಲೇ ಮುಗಿಸಿಬಿಡೋಣ. ಅದಕ್ಕೆ ಆಧಾರ ಇಲ್ಲ. ನೂರಕ್ಕೂ ಹೆಚ್ಚು ವರ್ಷದಿಂದ ಯಾರಾದರೂ ಒಬ್ಬರು ಅದನ್ನು ಎತ್ತಿ ಆಡಿಸುತ್ತಲೇ ಇದ್ದಾರೆ, ಅಷ್ಟೇ.

ಇನ್ನು ಮತಾಂತರ. ಆ ಯುವಕ ನಿಮ್ಮ ಕಡೆ ನೋಡಲಿಲ್ಲ ಅಂದಿರಲ್ಲ, ಉತ್ತರ ಅಲ್ಲೇ ಇದೆ. ಯಹೂದಿ ಧರ್ಮ ಹೊರಗಿನವರನ್ನು ಕರೆಯುವುದಿಲ್ಲ. ತಾವಾಗಿ ಬಂದವರನ್ನೂ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಮೊದಲು ವಾಪಸ್ ಕಳಿಸಿ ನೋಡುವುದು ಹಳೆಯ ರೂಢಿ. ಚಾಬಾದ್‌ನವರು ಹುಡುಕುವುದು ತಮ್ಮವರನ್ನೇ. ಹುಟ್ಟಿನಿಂದ ಯಹೂದಿ, ಆದರೆ ಪ್ರಾರ್ಥನೆ ಬಿಟ್ಟು ಎಷ್ಟೋ ವರ್ಷವಾದ ಎಂಜಿನಿಯರ್, ಸೈನ್ಯದ ಸೇವೆ ಮುಗಿಸಿ ಬೆನ್ನಿಗೆ ಚೀಲ ಹಾಕಿಕೊಂಡು ಹೊರಟ ಇಸ್ರೇಲಿ ಹುಡುಗ, ಟೋಕಿಯೋಗೆ ವರ್ಗವಾಗಿ ಬಂದ ಬ್ಯಾಂಕಿನವರು. ‘ಹೌದು, ಯಹೂದಿ’ ಅಂದರೆ ಸಾಕು. ತೋಳಿಗೂ ಹಣೆಗೂ ಚರ್ಮದ ಪಟ್ಟಿ ಕಟ್ಟಿಸಿ ಎರಡು ಸಾಲು ಪ್ರಾರ್ಥನೆ ಹೇಳಿಸುತ್ತಾರೆ, ಶುಕ್ರವಾರ ರಾತ್ರಿ ಊಟಕ್ಕೆ ಬನ್ನಿ ಅನ್ನುತ್ತಾರೆ.

ಚಾಬಾದ್ ಹದಿನೆಂಟನೇ ಶತಮಾನದ ಕೊನೆಯಲ್ಲಿ ಹುಟ್ಟಿದ ಪಂಥ, ಭಕ್ತಿಗೆ ಒತ್ತು ಕೊಡುವ ಹಸಿದಿ ಎಂಬ ಕಟ್ಟುನಿಟ್ಟಿನ ಯಹೂದಿ ಪರಂಪರೆಗೆ ಸೇರಿದ್ದು. ಈಗಿನ ಕೇಂದ್ರ ನ್ಯೂಯಾರ್ಕಿನ ಬ್ರೂಕ್ಲಿನ್. ಮೆನಾಖೆಮ್ ಮೆಂಡೆಲ್ ಶ್ನೇಯರ್‌ಸನ್ 1951ರಲ್ಲಿ ಇದರ ಗುರುವಾದರು, 1994ರಲ್ಲಿ ತೀರಿಕೊಂಡರು. ಹೊಸದಾಗಿ ಮದುವೆಯಾದ ಜೋಡಿಗಳನ್ನು ದೂರದ ಊರುಗಳಿಗೆ ಕಳಿಸುವ ಪದ್ಧತಿಯನ್ನು ಬೆಳೆಸಿದವರು ಅವರೇ. ವರ್ಷ ಎರಡು ವರ್ಷದ ಪೋಸ್ಟಿಂಗ್ ಅಲ್ಲ, ಸಾಮಾನ್ಯವಾಗಿ ಜೀವಮಾನಕ್ಕೆ. ಖರ್ಚಿಗೆ ದುಡ್ಡು ಅವರೇ ಹೊಂದಿಸಿಕೊಳ್ಳಬೇಕು. ಮಕ್ಕಳಿಗೆ ಹತ್ತಿರದಲ್ಲಿ ಯಹೂದಿ ಶಾಲೆ ಇರುವುದಿಲ್ಲ, ಎಷ್ಟೋ ಕಡೆ ಆನ್‌ಲೈನ್ ತರಗತಿಯೇ ಗತಿ. ಈ ಪಂಥದ ಎಲ್ಲ ವಿಚಾರ ನನಗೆ ಒಪ್ಪಿಗೆ ಇಲ್ಲ, ಹೆಂಗಸರ ವಿಷಯದಲ್ಲಂತೂ ಜಾಸ್ತಿ ತಕರಾರಿದೆ. ಆದರೆ ಊಟಕ್ಕೆ ಕರೆಯುವುದನ್ನೇ ಕಸುಬು ಮಾಡಿಕೊಂಡವರ ಬಗ್ಗೆ ಅನುಮಾನ ಪಡುವ ಮೊದಲು ಅವರ ಅಡುಗೆಮನೆ ಎಂಥದ್ದು ಅಂತ ನೋಡಬೇಕು.

ಜಪಾನಿನಲ್ಲಿ ಅದು ಸುಲಭದ ಅಡುಗೆಮನೆ ಅಲ್ಲ. ಕೋಷರ್ ಎಂಬ ಯಹೂದಿ ಆಹಾರ ನಿಯಮದಂತೆ ಕೊಯ್ದ ಮಾಂಸ ಹೊರಗಿನಿಂದ ಬರಬೇಕು. ಮೀನಿಗೆ ರೆಕ್ಕೆ, ಪೊರೆ ಎರಡೂ ಇರಬೇಕು. ಸಾಲ್ಮನ್ ಆಗುತ್ತದೆ, ಸಿಗಡಿ, ಏಡಿ, ಆಕ್ಟೋಪಸ್ ಆಗುವುದಿಲ್ಲ. ಹೋಟೆಲಿನ ಸೂಪ್ ಅಂತೂ ಬೇಡವೇ ಬೇಡ, ಅದರ ತಳದಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ‘ವೆಜ್’ ಅಂತ ತರಿಸಿದ ಉದೋನ್ ನೂಡಲ್ಸ್ ಒಳಗೆ ಒಣಮೀನಿನ ದಾಶಿ ಸಾರು ಸಿಕ್ಕಿ ಕಂಗಾಲಾದ ನಮ್ಮ ಸಸ್ಯಾಹಾರಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಬಿಟ್ಟು ಕೂರುವ ವಾರದ ಪವಿತ್ರ ದಿನ ಶಬ್ಬಾತ್‌ನ ಕಷ್ಟ ಬೇರೆ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗುವವರೆಗೆ ಸ್ವಿಚ್ ಮುಟ್ಟುವಂತಿಲ್ಲ. ಜಪಾನಿನಲ್ಲಿ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ದೀಪ ತಾನೇ ಹತ್ತಿಕೊಳ್ಳುತ್ತದೆ, ಟಾಯ್ಲೆಟ್ ಮುಚ್ಚಳ ಕೂಡ ನೀವು ಹತ್ತಿರ ಹೋದರೆ ಎದ್ದು ನಿಲ್ಲುತ್ತದೆ. ಕಟ್ಟುನಿಟ್ಟಿನ ಯಹೂದಿಗೆ ಹೋಟೆಲ್ ಕೋಣೆಯಿಂದ ಹೊರಗೆ ಬರುವುದೇ ಒಂದು ಸಮಸ್ಯೆ.

ಶನಿವಾರ ಯಾವುದು ಎಂಬುದೇ ಅಲ್ಲಿ ಒಂದು ಕಾಲಕ್ಕೆ ಜಗಳವಾಗಿತ್ತು! ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ನಿಲ್ಲುತ್ತೇನೆ.

1940ರ ಬೇಸಿಗೆಯಲ್ಲಿ ಲಿಥುವೇನಿಯಾದ ಕೌನಾಸ್‌ನಲ್ಲಿದ್ದ ಜಪಾನಿ ಅಧಿಕಾರಿ ಚಿಯುನೆ ಸುಗಿಹಾರಾ ತಮ್ಮ ಸರ್ಕಾರದ ಸೂಚನೆ ಮೀರಿ ಯಹೂದಿ ನಿರಾಶ್ರಿತರಿಗೆ ವೀಸಾ ಬರೆದುಕೊಟ್ಟರು. ಅವರ ಪಟ್ಟಿಯಲ್ಲಿ 2139 ಹೆಸರುಗಳಿವೆ. ವೀಸಾ ಹಿಡಿದವರು ಸೈಬೀರಿಯಾ ದಾಟಿ, ವ್ಲಾಡಿವೊಸ್ಟಾಕ್‌ನಲ್ಲಿ ಹಡಗು ಹತ್ತಿ, ಜಪಾನಿನ ತ್ಸುರುಗಾ ಬಂದರಿನಲ್ಲಿ ಇಳಿದರು. ಅಲ್ಲಿಂದ ರೈಲಿನಲ್ಲಿ ಕೋಬೆಗೆ. ಅಲ್ಲಿದ್ದ ಸಣ್ಣ ಯಹೂದಿ ಸಮುದಾಯ ಇವರಿಗೆ ಮನೆ, ಊಟ ನೋಡಿಕೊಂಡಿತು. ಬಂದವರಲ್ಲಿ ಮೀರ್ ಎಂಬ ಊರಿನ, ಯಹೂದಿ ಶಾಸ್ತ್ರ ಕಲಿಸುವ ಹೆಸರಾಂತ ಶಾಲೆಯ ಗುರು-ಶಿಷ್ಯರು ಇದ್ದರು. ಚಾಬಾದ್‌ನ ವಿದ್ಯಾರ್ಥಿಗಳೂ ಇದ್ದರು.

ಈ ಪಂಡಿತರಿಗೆ ಶುರುವಾಯಿತು ತಲೆನೋವು. ತಾರೀಕು ಬದಲಾಗುವ ಅಂತರರಾಷ್ಟ್ರೀಯ ದಿನರೇಖೆ ಗ್ರೀನಿಚ್‌ನಿಂದ ಅಳೆದದ್ದು. ಯಹೂದಿ ಶಾಸ್ತ್ರಕ್ಕೆ ಜೆರುಸಲೇಮ್ ಅಲ್ಲವೇ ನಡುಬಿಂದು? ಅಲ್ಲಿಂದ ಅಳೆದರೆ ಜಪಾನ್ ರೇಖೆಯ ಈಚೆಗಿದೆಯೋ ಆಚೆಗೋ? ಆಚೆಗೆ, ಅಂದರೆ ಅಮೆರಿಕದ ಕಡೆಗೆ ಇದ್ದರೆ ದಿನ ಒಂದು ಹಿಂದೆ ಬೀಳುತ್ತದೆ, ಜಪಾನೀಯರ ಭಾನುವಾರವೇ ಯಹೂದಿಗಳ ಶಬ್ಬಾತ್! 1941ರಲ್ಲಿ ಯಹೂದಿಗಳ ಅತಿ ದೊಡ್ಡ ಉಪವಾಸದ ದಿನ ಯೋಮ್ ಕಿಪ್ಪುರ್ ಬಂದಾಗ ಜೆರುಸಲೇಮಿಗೆ ತಂತಿ ಹೋಯಿತು. ಅಲ್ಲಿನ ರಬ್ಬಿಗಳ ಸಭೆ, ಊರಿನ ಲೆಕ್ಕದಂತೆ ಬುಧವಾರವೇ ಉಪವಾಸ ಮಾಡಿ ಅಂದಿತು. ಖಜೋನ್ ಇಶ್ ಎಂದೇ ಹೆಸರಾದ ದೊಡ್ಡ ಪಂಡಿತರು, ಬುಧವಾರ ಊಟ ಮಾಡಿ, ಗುರುವಾರ ಉಪವಾಸ ಮಾಡಿ ಅಂದರು. ಕೆಲವರು ಯಾಕೆ ರಗಳೆ ಅಂತ ಎರಡೂ ದಿನ ಉಪವಾಸ ಕೂತರಂತೆ. ಸ್ಮಾರ್ತರ ಏಕಾದಶಿ ಒಂದು ದಿನ, ಮಾಧ್ವರದು ಮರುದಿನ ಬರುವ ನಮ್ಮ ಪಂಚಾಂಗ ನೋಡಿದವರಿಗೆ ಇದೇನೂ ವಿಚಿತ್ರ ಅನ್ನಿಸದು. ಇವತ್ತು ಜಪಾನಿನಲ್ಲಿ ಎಲ್ಲರೂ ಶನಿವಾರವನ್ನೇ ಶಬ್ಬಾತ್ ಎಂದು ಆಚರಿಸುತ್ತಾರೆ. ತುಂಬ ಕಟ್ಟುನಿಟ್ಟಿನವರು ಭಾನುವಾರವೂ ಒಂದಷ್ಟು ಕೆಲಸ ಬಿಡುತ್ತಾರೆ.

ಇನ್ನೊಬ್ಬರನ್ನು ಇಲ್ಲಿ ನೆನೆಯಲೇಬೇಕು, ಸೆತ್ಸುಜೊ ಕೊತ್ಸುಜಿ. ಕ್ಯೋಟೋದ ಶಿಂಟೋ ಪುರೋಹಿತರ ಮನೆತನದವರು. ಕ್ರೈಸ್ತರಾಗಿ, ಅಮೆರಿಕದಲ್ಲಿ ಹೀಬ್ರೂ ಓದಿ ಬಂದವರು. ನಿರಾಶ್ರಿತರ ವೀಸಾ ಕೆಲವೇ ದಿನಕ್ಕೆ ಮುಗಿಯುತ್ತಿತ್ತು. ಇವರು ಹಳೆಯ ಪರಿಚಯದ ಮೇಲೆ ವಿದೇಶಾಂಗ ಮಂತ್ರಿ ಮತ್ಸುಒಕಾ ಅವರನ್ನು ಕಂಡರು. ಅವಧಿ ವಿಸ್ತರಿಸುವುದು ಸ್ಥಳೀಯ ಪೊಲೀಸರ ಕೈಯಲ್ಲಿದೆ ಎಂಬ ಸುಳಿವು ಅಲ್ಲಿ ಸಿಕ್ಕಿತು. ಕೋಬೆಗೆ ಬಂದು ಪೊಲೀಸ್ ಅಧಿಕಾರಿಗಳಿಗೆ ಊಟೋಪಚಾರ ಮಾಡಿಸಿ ಕೆಲಸ ಸಾಧಿಸಿದರು. 1959ರಲ್ಲಿ ತಾವೇ ಇಷ್ಟಪಟ್ಟು ಯಹೂದಿಯಾದರು. ಅವರ ಸಮಾಧಿ ಜೆರುಸಲೇಮಿನಲ್ಲಿದೆ. ನೀವು ಮತಾಂತರ ಅಂತ ಕೇಳಿದಿರಲ್ಲ, ಜಪಾನಿನ ಅತಿ ಪ್ರಸಿದ್ಧ ಉದಾಹರಣೆ ಇದೇ. ಇದರಲ್ಲಿ ಯಾರೂ ಯಾರನ್ನೂ ಕರೆದಿರಲಿಲ್ಲ.

‘ಯಹೂದಿಗಳೇ ಇಲ್ಲದ ಊರು’ ಅಂದಿರಿ. ಕಡಿಮೆ, ನಿಜ. ಇಡೀ ಜಪಾನಿನಲ್ಲಿ ಒಂದೆರಡು ಸಾವಿರ ಎಂಬ ಅಂದಾಜಿದೆ. ಆದರೆ ಬಂದು ಬಹಳ ಕಾಲವಾಯಿತು. 1860ರ ದಶಕದಲ್ಲೇ ಯೊಕೊಹಾಮಾದಲ್ಲಿದ್ದರು. ನಾಗಸಾಕಿಯಲ್ಲಿ 1890ರ ದಶಕದಲ್ಲಿ ಸಿನಗಾಗ್ ಕಟ್ಟಿದರು. 1923ರ ಭೂಕಂಪದಲ್ಲಿ ಯೊಕೊಹಾಮಾ ನೆಲಸಮವಾದಾಗ ಅಲ್ಲಿನ ಯಹೂದಿ ವ್ಯಾಪಾರಿಗಳು ಕೋಬೆಗೆ ಬಂದರು. ಭಾರತೀಯ ವ್ಯಾಪಾರಿಗಳೂ ಅದೇ ಕಾರಣಕ್ಕೆ ಬಂದರು. ಹಾಗಾಗಿಯೇ ನೀವು ಅಡ್ಡಾಡಿದ ಕಿಟಾನೋದಲ್ಲಿ ಭಾರತೀಯ ಮುಸ್ಲಿಮರ ದುಡ್ಡೂ ಸೇರಿ 1935ರಲ್ಲಿ ಎದ್ದ ಮಸೀದಿ, 1970ರ ಓಹೆಲ್ ಶೆಲೋಮೊ ಸಿನಗಾಗ್, 1985ರ ಜೈನ ಬಸದಿ ಎಲ್ಲವೂ ನಡೆದು ಹೋಗುವ ದೂರದಲ್ಲಿವೆ. ಮುತ್ತಿನ ವ್ಯಾಪಾರದಲ್ಲಿ ಜೈನರು, ಯಹೂದಿಗಳು ಇಬ್ಬರೂ ಇದ್ದರು.

ಟೋಕಿಯೋದಲ್ಲಿ ಇನ್ನೊಂದು ಬಗೆಯ ಬದುಕಿದೆ. ಹಿರೋ ಬಡಾವಣೆಯಲ್ಲಿ 1953ರಲ್ಲಿ ಶುರುವಾದ ಯಹೂದಿ ಸಮುದಾಯ ಕೇಂದ್ರ ಅದು. ಹಾರ್ಬಿನ್, ಶಾಂಘೈಗಳಿಂದ ಬಂದ ರಷ್ಯನ್ ಯಹೂದಿಗಳು ಕಟ್ಟಿದ್ದು. ಸದಸ್ಯತ್ವ, ಚುನಾಯಿತ ಸಮಿತಿ, ಉದಾರ ಧೋರಣೆ. ಚಾಬಾದ್‌ಗೆ ಸದಸ್ಯತ್ವವೇ ಇಲ್ಲ, ಬಾಗಿಲು ಎಲ್ಲ ಯಹೂದಿಗಳಿಗೂ ತೆರೆದಿರುತ್ತದೆ. ಇಂಥ ಎರಡು ಒಂದೇ ಊರಿನಲ್ಲಿದ್ದರೆ ಕಸಿವಿಸಿ ಇದ್ದದ್ದೇ, ಜಗತ್ತಿನಾದ್ಯಂತ ಇದೆ. ಪಕ್ಕದಲ್ಲಿ ಪುಕ್ಕಟೆ ಊಟ ಸಿಕ್ಕರೆ ಹಳೆಯ ಕಟ್ಟಡದ ಖರ್ಚಿಗೆ ಚಂದಾ ಕೊಡುವವರು ಯಾರು ಅನ್ನುವುದು ಒಬ್ಬರ ವಾದ. ನಿಮ್ಮ ಚಂದಾ ನೋಡಿಯೇ ಹುಡುಗರು ಓಡಿಹೋದರು ಅನ್ನುವುದು ಇನ್ನೊಬ್ಬರದು. ನನ್ನ ಮಟ್ಟಿಗೆ, ವರ್ಷಗಟ್ಟಲೆ ಇರುವ ಕುಟುಂಬಕ್ಕೆ ಮೊದಲನೆಯದು ಬೇಕು, ಮೂರು ದಿನಕ್ಕೆ ಬಂದವನಿಗೆ ಎರಡನೆಯದು.

ಆ ಯುವಕ ಬೀದಿಯಲ್ಲೇ ಕೇಳಿದ್ದಕ್ಕೆ ಇನ್ನೊಂದು ಕಾರಣವೂ ಇದ್ದಿರಬಹುದು. ಸಾಮೂಹಿಕ ಪ್ರಾರ್ಥನೆಗೆ ವಯಸ್ಕ ಗಂಡಸರು ಹತ್ತು ಜನ ಬೇಕು. ಒಂಬತ್ತಾದರೆ ಕೆಲವು ಪ್ರಾರ್ಥನೆಗಳನ್ನು ಹೇಳುವಂತೆಯೇ ಇಲ್ಲ. ಕೋಬೆಯಂಥ ಊರಿನಲ್ಲಿ ಆ ಹತ್ತನೆಯವನು ಹೆಚ್ಚಾಗಿ ದಾರಿಹೋಕನೇ. ಹೆಂಗಸರನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ತಕರಾರು ಅಂದೆನಲ್ಲ, ಅದರಲ್ಲಿ ಇದೂ ಒಂದು.

ಒಳಗೆ ಹೋಗಬಹುದಾ ಎಂದರೆ, ಮೊದಲೇ ಬರೆದು ಕೇಳಿಕೊಂಡು ಹೋಗಿ. 2008ರಲ್ಲಿ ಮುಂಬೈಯ ಚಾಬಾದ್ ಕೇಂದ್ರದ ಮೇಲೆ ದಾಳಿಯಾದ ನಂತರ ಎಲ್ಲ ಕಡೆ ಭದ್ರತೆ ಬಿಗಿಯಾಗಿದೆ, ಸುಮ್ನೆ ಬಾಗಿಲು ತಟ್ಟಬೇಡಿ. ತಲೆಗೆ ಟೋಪಿ ಇರಲಿ. ಶನಿವಾರ ಕ್ಯಾಮೆರಾ, ಮೊಬೈಲ್ ಹೊರಗೆ ತೆಗೆಯಬೇಡಿ. ಸಮಯ ಇದ್ದರೆ ತ್ಸುರುಗಾಗೂ ಹೋಗಿಬನ್ನಿ. ನಿರಾಶ್ರಿತರು ಇಳಿದ ಬಂದರಿನ ಬಳಿ ಅವರದೇ ಒಂದು ಮ್ಯೂಸಿಯಂ ಇದೆ. ಒಸಾಕಾದಿಂದ ನೇರ ರೈಲಿದೆ, ಬೆಳಿಗ್ಗೆ ಹೊರಟರೆ ಸಂಜೆಗೆ ಮಗನ ಮನೆ ಸೇರಬಹುದು.